ಥಳಥಳಿಸಿದರೆ ಪಾಸು

ತುಕ್ಕು ಹಿಡಿಯದಿರಲೆಂದು ಸುಮಾರು 450 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಕರಗಿದ ಸತುವಿನ ತೊಟ್ಟಿಯಲ್ಲಿ ಮುಳುಗಿ ಎದ್ದ ಉಕ್ಕನ್ನು ಪರೀಕ್ಷಿಸಲು ಮಾನ್ಯ ತಪಾಸಣಾಧಿಕಾರಿಗಳಿಗೆ ಬೇಕಾದ ಉಪಕರಣ ಒಂದೇ, ಅದು ಬಿಸಿಲು. ಬಿಸಿಲಿಗೆ ಹಿಡಿದಾಗ ಥಳಥಳಿಸಿದರೆ ಮಾಲು ಪಾಸು, ಮಂಕಾಗಿ ಬೂದುಬಣ್ಣದಲ್ಲಿದ್ದರೆ ಫೇಲು.

ಉಕ್ಕಿನಲ್ಲಿ ಸಿಲಿಕಾನ್ ಪ್ರಮಾಣ ಸುಮಾರು ಶೇ. 0.04ರಿಂದ 0.14ರ ನಡುವೆ ಇದ್ದರೆ ಕಬ್ಬಿಣ ಮತ್ತು ಸತುವಿನ ಮಿಶ್ರಲೋಹದ ಪದರ ಬಿರುಸಾಗಿ ಬೆಳೆದು ಮೇಲ್ಮೈಯವರೆಗೂ ಬರುತ್ತದೆ, ಲೇಪ ದಪ್ಪವಾಗಿ ಬೂದುಬಣ್ಣ ತಾಳುತ್ತದೆ. ಬಣ್ಣದ ಕಾರಣಕ್ಕೆ ಮಾಲನ್ನು ತಿರಸ್ಕರಿಸುವಂತಿಲ್ಲ ಎಂದು ಇಂಥ ಸತು ಲೇಪಕ್ಕೆಂದೇ ಇರುವ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 1461 ಸ್ಪಷ್ಟವಾಗಿಯೇ ಹೇಳುತ್ತದೆ. ಆದರೂ ತಿರಸ್ಕಾರದ ಪತ್ರ ಹೋಗುತ್ತದೆ. ಕಾರ್ಖಾನೆಯವರು ಒಳ್ಳೆಯ ಲೇಪವನ್ನು ಆಸಿಡ್‌ನಲ್ಲಿ ಕರಗಿಸಿ, ಅದೇ ಉಕ್ಕನ್ನು ಮತ್ತೆ ಮುಳುಗಿಸುತ್ತಾರೆ. ಅದು ಮತ್ತೆ ಬೂದುಬಣ್ಣದಲ್ಲಿಯೇ ಮೇಲೇಳುತ್ತದೆ. ಎರಡನೆಯ ಪತ್ರದಲ್ಲಿ ‘ಗಂಭೀರವಾಗಿ ಪರಿಗಣಿಸಲಾಗಿದೆ’ ಎಂಬ ಸಾಲು ಹೆಚ್ಚುವರಿಯಾಗಿ ಸೇರುತ್ತದೆ. ಸಿಲಿಕಾನ್ ಪತ್ರ ಓದುವುದಿಲ್ಲ. ಆ ಉಕ್ಕನ್ನು ಖರೀದಿಸಿ ಕೊಟ್ಟವರು ಯಾರೆಂದು ಕೇಳುವುದು ಸಭ್ಯತೆಯಲ್ಲ.

ಲೇಪದ ದಪ್ಪ ಅಳೆಯುವ ಗೇಜ್ ಇಲ್ಲವೇ ಎಂದು ಕೇಳಬಹುದು. ಇದೆ, ಪೆಟ್ಟಿಗೆಯಲ್ಲಿ ಸುರಕ್ಷಿತವಾಗಿದೆ. ಹೊರಗೆ ತೆಗೆದ ದಿನವೂ ಸತು ಇಳಿದು ದಪ್ಪವಾಗಿರುವ ಕೆಳ ಅಂಚಿಗೇ ಅದನ್ನು ಒತ್ತಲಾಗುತ್ತದೆ. 6 ಮಿ.ಮೀ.ಗಿಂತ ದಪ್ಪದ ಉಕ್ಕಿಗೆ ಸರಾಸರಿ 85 ಮೈಕ್ರಾನ್ ಬೇಕು, ಯಾವ ಜಾಗದಲ್ಲಿಯೂ 70ಕ್ಕಿಂತ ಕಡಿಮೆಯಾಗಬಾರದು. ವರದಿಯ ಕಾಲಂ ನೋಡಿದರೆ ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ 86, 86, 86. ಸರಾಸರಿ 55 ಸಾಕೆನಿಸುವ 2 ಮಿ.ಮೀ. ತಗಡಿಗೂ ಅದೇ 86. ಪ್ರಕೃತಿಗೆ ಇಲ್ಲದ ಸಮಾನತೆ ನಮ್ಮ ಫಾರಂಗೆ ಒಲಿದಿದೆ.

ನಿಜವಾದ ತಪ್ಪುಗಳು ಹುಟ್ಟುವುದು ತೊಟ್ಟಿಗೆ ಇಳಿಸುವ ಮೊದಲು. ಉಕ್ಕು ಶುಚಿಯಾಗಿಲ್ಲದ ಕಡೆ ಸತು ಹಿಡಿಯುವುದೇ ಇಲ್ಲ. ಆ ಮಟ್ಟಿಗೆ ಅದು ಯಾರ ಮುಲಾಜಿಗೂ ಒಳಗಾಗದ ತಪಾಸಕ. ಎಣ್ಣೆಬಣ್ಣವಾಗಲಿ ವೆಲ್ಡಿಂಗ್ ಕಿಟ್ಟವಾಗಲಿ ಆಸಿಡ್ ತೊಟ್ಟಿಯಲ್ಲಿ ಹೋಗುವುದಿಲ್ಲ, ಮೊದಲೇ ಉಜ್ಜಿ ತೆಗೆಯಬೇಕು. ಆ ಹಂತದಲ್ಲಿ ಅಧಿಕಾರಿಗಳು ಬರುವುದೇ ಅಪರೂಪ. ಬಂದವರೊಬ್ಬರು ತೊಲೆಯ ಮೇಲೆ ಎಣ್ಣೆಬಣ್ಣದಲ್ಲಿ ‘ಪರಿಶೀಲಿಸಲಾಗಿದೆ’ ಎಂದು ದಪ್ಪಕ್ಷರದಲ್ಲಿ ಬರೆಸಿದರೆಂದು ಇಟ್ಟುಕೊಳ್ಳಿ: ತೊಲೆ ಸತುವಿನಿಂದ ಮೇಲೆದ್ದಾಗ ಮೈಯೆಲ್ಲ ಲೇಪ, ಆ ಅಕ್ಷರಗಳಷ್ಟೇ ಬೋಳು. ಮುಂದೆ ತುಕ್ಕು ಹಿಡಿಯುವಾಗಲೂ ಕಾಗುಣಿತ ತಪ್ಪದೆ ಹಿಡಿಯುತ್ತದೆ.

ಇಂಥ ಬೋಳು ಜಾಗ ಒಂದೊಂದೂ 10 ಚದರ ಸೆಂಟಿಮೀಟರ್ ಮೀರದೆ, ಒಟ್ಟು ಮೇಲ್ಮೈಯ ಶೇ. 0.5ರೊಳಗಿದ್ದರೆ ಸತು ಹೇರಳವಾಗಿರುವ ಬಣ್ಣ ಬಳಿದು ಸರಿಪಡಿಸಬಹುದು. ಆದರೆ ಅಲ್ಯೂಮಿನಿಯಂ ಬಣ್ಣ ಹೆಚ್ಚು ಹೊಳೆಯುತ್ತದಲ್ಲ!

ಮುಚ್ಚಿದ ಕೊಳವೆಗೆ ಗಾಳಿರಂಧ್ರ ಬಿಡದೆ ಮುಳುಗಿಸಿದರೆ ಒಳಗಿನ ತೇವ ಆವಿಯಾಗಿ ಕೊಳವೆಯೇ ಸಿಡಿಯಬಹುದು. ಅಂಥ ರಂಧ್ರವನ್ನು ನಕ್ಷೆಯಲ್ಲಿ ತೋರಿಸದೆಯೇ ಮಂಜೂರಾತಿ ಸಿಕ್ಕಿರುತ್ತದೆ; ತೊಟ್ಟಿಯ ಪಕ್ಕ ನಿಲ್ಲುವವರು ಮಂಜೂರು ಮಾಡಿದವರಲ್ಲವಾದ್ದರಿಂದ ತಿದ್ದುಪಡಿಗೆ ಅವಸರವೇನಿಲ್ಲ.

ಹೀಗೆ ಪಾಸಾದ ಮಾಲು ಅಂತಿಮ ಸಹಿಗಾಗಿ ಕಾಯುತ್ತ, ಒಂದರ ಮೇಲೊಂದು ಒತ್ತಿಕೊಂಡು, ಟಾರ್ಪಾಲಿನ್ ಅಡಿಯಲ್ಲಿ ಗಾಳಿಯಾಡದೆ ಮಳೆಗಾಲ ಕಳೆಯುತ್ತದೆ. ನಡುವೆ ಮರದ ತುಂಡುಗಳನ್ನಿಟ್ಟು, ನೀರು ಇಳಿದುಹೋಗುವಂತೆ ಓರೆಯಾಗಿ ಜೋಡಿಸಿದ್ದರೆ ಮೇಲೆ ಸತುವಿನದೇ ಪುಡಿಯಾದ ಬಿಳಿ ತುಕ್ಕು ಏಳುತ್ತಿರಲಿಲ್ಲ. ತಪಾಸಣಾ ಸರ್ಟಿಫಿಕೇಟಿಗೆ ಮಾತ್ರ ತೇವ ತಾಗದಂತೆ ಲ್ಯಾಮಿನೇಷನ್ ಮಾಡಿಸಲಾಗಿದೆ.