ಹಿಂಜವಡಿಯಲ್ಲೊಂದು ಮನೆ, ಭಾನುವಾರದ ಮಟ್ಟಿಗೆ

ಹುಬ್ಬಳ್ಳಿ, ಬೆಳಗಾವಿ ಕಡೆಯಿಂದ ಮಗನ ಕೆಲಸದ ಊರು ನೋಡಲು ಬರುವ ಅಪ್ಪ-ಅವ್ವ ಪುಣೆಯ ವಾಕಡದಲ್ಲಿ ಸ್ಲೀಪರ್ ಬಸ್ಸಿನಿಂದ ಇಳಿಯುವುದು ಹೆಚ್ಚಾಗಿ ಭಾನುವಾರ ಬೆಳಿಗ್ಗೆ. ಚಹಾ ಕುಡಿದು ಹಿಂಜವಡಿ ಐಟಿ ಪಾರ್ಕಿಗೆ ಒಂದು ಸುತ್ತು. ರಸ್ತೆ ಖಾಲಿ, ಗಾಜಿನ ಕಟ್ಟಡ ಫಳಫಳ. ‘ಏನ್ ಚೊಲೋ ಐತೋ ತಮ್ಮಾ! ಇಲ್ಲೇ ಒಂದು ಮನಿ ತಗೊಂಡ್ಬಿಡು’ ಎಂದು ಅಪ್ಪ ಅನ್ನುತ್ತಾರೆ. ಅಲ್ಲಿಗೆ ಮಗನ ಇಪ್ಪತ್ತು ವರ್ಷ ಹೋಯಿತು ಅಂತಲೇ ಲೆಕ್ಕ.

ಬಿಲ್ಡರನ ಸೇಲ್ಸ್ ಆಫೀಸಿಗೆ ಭಾನುವಾರವೇ ಯಾಕೆ ಅಷ್ಟು ಪ್ರೀತಿ ಎಂಬುದು ಮಂಗಳವಾರ ಸಂಜೆ ಆರೂವರೆಗೆ ಐಟಿ ಪಾರ್ಕಿನ ದಾರಿಯ ಭೂಮ್‌ಕರ್ ಚೌಕದಲ್ಲಿ ಟ್ರಾಫಿಕ್ ಜಾಮಿನಲ್ಲಿ ನಿಂತವರಿಗೆ ಗೊತ್ತು. ‘ಐಟಿ ಪಾರ್ಕಿಗೆ ಐದೇ ನಿಮಿಷ’ ಎನ್ನುವ ಬ್ರೋಷರಿನಲ್ಲಿ ಮೆಟ್ರೊ ಚಿತ್ರವೂ ಇರುತ್ತದೆ. ಹಿಂಜವಡಿ-ಶಿವಾಜಿನಗರ ಮಾರ್ಗ, 23.3 ಕಿ.ಮೀ., 23 ನಿಲ್ದಾಣ. ಶಿಲಾನ್ಯಾಸ ಆಗಿದ್ದು 2018ರ ಡಿಸೆಂಬರಿನಲ್ಲಿ. ಬ್ರೋಷರಿನಲ್ಲಿ ರೈಲು ಅವತ್ತಿನಿಂದಲೇ ಓಡುತ್ತಿದೆ.

ಸ್ಯಾಂಪಲ್ ಫ್ಲ್ಯಾಟಿಗೆ ಹೋಗುವಾಗ ಚಪ್ಪಲಿ ಹೊರಗೆ ಬಿಡಿ, ಟೇಪು ಬಿಡಬೇಡಿ. ಮೊದಲು ಅಳೆಯಬೇಕಾದ್ದು ಮಂಚ. ಅಂಗಡಿಯಲ್ಲಿ ಸಿಗುವ ದೊಡ್ಡ ಹಾಸಿಗೆ ಆರಡಿ ಅಗಲ, ಆರೂವರೆ ಅಡಿ ಉದ್ದ. ಎಷ್ಟೋ ಸ್ಯಾಂಪಲ್ ಫ್ಲ್ಯಾಟಿನಲ್ಲಿ ಬಡಿಗ ಹೇಳಿ ಮಾಡಿಸಿದಂತೆ ಉದ್ದವನ್ನು ಐದು-ಐದೂವರೆ ಅಡಿಗೇ ಮುಗಿಸಿರುತ್ತಾನೆ. ಅಪ್ಪ ಮಲಗಿದರೆ ಕಣಕಾಲಿನ ಕೆಳಗಿನದ್ದು ಮುಂದಿನ ಹಂತದ ಯೋಜನೆ. ಆಮೇಲೆ ಬಾಗಿಲು ನೋಡಿ. ನೋಡಲು ಇರುವುದಿಲ್ಲ. ಬಾಗಿಲು ತೆರೆಯಲು ಎರಡೂವರೆ-ಮೂರಡಿ ಜಾಗ ತಿನ್ನುತ್ತದಲ್ಲ, ಅದಕ್ಕೇ ಕೂರಿಸಿರುವುದಿಲ್ಲ. ಗೋಡೆಯ ಬದಲು ಗಾಜು, ಗಾಜಿನೆದುರು ಕನ್ನಡಿ. ಇನ್ನು ಕಾರ್ಪೆಟ್ ಏರಿಯಾ, ಅಂದರೆ ಮನೆಯೊಳಗಿನ ನೆಲದ ಅಳತೆ. ನವಲಗುಂದದ ಜಮಖಾನ ಹಾಸಲು ಬರುವಷ್ಟು ಜಾಗ ಎಂದು ಅವ್ವ ತಿಳಿದಿರುತ್ತಾಳೆ. ಬಿಲ್ಡರುಗಳ ಮೇಲೆ ಕಣ್ಣಿಡುವ ರೇರಾ ಕಾಯ್ದೆಯ ಪ್ರಕಾರ ಮನೆಯೊಳಗಿನ ಗೋಡೆಗಳು ನಿಂತ ಜಾಗವೂ ಅದರಲ್ಲೇ ಸೇರಿರುತ್ತದೆ. ಗೋಡೆ ಎತ್ತಿ ಜಮಖಾನ ಹಾಸುವ ವಿದ್ಯೆ ಮಾತ್ರ ಕಾಯ್ದೆಯಲ್ಲಿಲ್ಲ.

ಈಗ ದುಡ್ಡು. ವಾಕಡದಲ್ಲಿ, ಅಂದರೆ ಮಹಾನಗರಪಾಲಿಕೆ ಹದ್ದಿನಲ್ಲಿ, ಕಟ್ಟುತ್ತಿರುವ 70 ಲಕ್ಷದ ಫ್ಲ್ಯಾಟು ಹಿಡಿಯೋಣ. ಸ್ಟ್ಯಾಂಪ್ ಡ್ಯೂಟಿ ಶೇ 7ರಂತೆ 4.90 ಲಕ್ಷ, ಜಿಎಸ್‌ಟಿ ಶೇ 5ರಂತೆ 3.50 ಲಕ್ಷ, ನೋಂದಣಿ 30 ಸಾವಿರ. ಬ್ಯಾಂಕು ಬೆಲೆಯ ಶೇ 80ರ ತನಕ, ಅಂದರೆ 56 ಲಕ್ಷ ಕೊಡುತ್ತದೆ. ಕೈಯಿಂದ ಹಾಕಬೇಕಾದ್ದು 22.70 ಲಕ್ಷ. ಶೇ 8.5 ಬಡ್ಡಿಗೆ 20 ವರ್ಷ, ತಿಂಗಳ ಕಂತು ಸುಮಾರು 48,600. ಹೆಂಗಸರ ಹೆಸರಿಗೆ ಮಾಡಿದರೆ ಸ್ಟ್ಯಾಂಪ್ ಡ್ಯೂಟಿಯಲ್ಲಿ ಶೇ 1 ಉಳಿತಾಯ, 70 ಸಾವಿರ. ಅವ್ವನ ಹೆಸರಿಗೋ, ಬರಲಿರುವ ಸೊಸೆಯ ಹೆಸರಿಗೋ ಎಂಬ ಚರ್ಚೆಯ ಖರ್ಚು ಬೇರೆ. ಅಂದಹಾಗೆ, ಕರಾರು ನೋಂದಣಿಗೆ ಮೊದಲು ಬಿಲ್ಡರ್ ಬೆಲೆಯ ಶೇ 10ಕ್ಕಿಂತ ಹೆಚ್ಚು ಹಣ ಕೇಳುವ ಹಾಗಿಲ್ಲ. ಕೇಳಿದರೆ ಚಹಾ ಕುಡಿದು ಎದ್ದು ಬನ್ನಿ, ಚಹಾ ಪುಕ್ಕಟೆ.

ನೀರಿನ ವಿಷಯ ಕೇಳಿದರೆ ಸೇಲ್ಸ್ ಹುಡುಗ ‘ಟ್ವೆಂಟಿಫೋರ್ ಸೆವೆನ್’ ಅನ್ನುತ್ತಾನೆ. ಲೆಕ್ಕ ಹಾಕಿ. ತಲೆಗೆ ದಿನಕ್ಕೆ 135 ಲೀಟರ್, ಮನೆಗೆ ನಾಲ್ಕು ತಲೆ, 200 ಫ್ಲ್ಯಾಟು: 1,08,000 ಲೀಟರ್. ನಳ ಬಾರದ ದಿನ ಹತ್ತು ಸಾವಿರ ಲೀಟರಿನ ಹನ್ನೊಂದು ಟ್ಯಾಂಕರ್ ಬೇಕು. ಆ ಹನ್ನೊಂದೂ ಬರುವುದು ಮಗ ಸಿಕ್ಕಿಬಿದ್ದಿರುವ ಅದೇ ಜಾಮಿನಲ್ಲಿ. ಮಳೆಗಾಲದಲ್ಲಿ ನೀರು ಟ್ಯಾಂಕರಿಲ್ಲದೆಯೇ ಬರುತ್ತದೆ, ಆದರೆ ರಸ್ತೆಗೆ: ಗುಡ್ಡದಿಂದ ಇಳಿಯುವ ಹಳ್ಳದ ದಾರಿಯ ಮೇಲೆ ಮಣ್ಣು ತುಂಬಿ ಕಟ್ಟಡ ಎಬ್ಬಿಸಿದ ಮೇಲೆ ಅದಾದರೂ ಎಲ್ಲಿ ಹೋಗಬೇಕು? ಹಿಂಜವಡಿಯ ರಸ್ತೆಯ ದೂರು ಕೊಡಲು ಹೋದರೆ ಎಂಐಡಿಸಿ (ಮಹಾರಾಷ್ಟ್ರದ ಕೈಗಾರಿಕಾ ಅಭಿವೃದ್ಧಿ ನಿಗಮ), ಪಿಎಂಆರ್‌ಡಿಎ (ಪುಣೆ ಮಹಾನಗರ ಪ್ರದೇಶದ ಅಭಿವೃದ್ಧಿ ಪ್ರಾಧಿಕಾರ), ಗ್ರಾಮ ಪಂಚಾಯಿತಿ, ಹೆದ್ದಾರಿ ಪ್ರಾಧಿಕಾರ ಎಲ್ಲ ಸುತ್ತಿ ಬರಬೇಕು. ರಸ್ತೆಗೆ ಅಷ್ಟು ಜನ ಅಪ್ಪಂದಿರು, ಗುಂಡಿ ಮಾತ್ರ ಅನಾಥ.

ಇಷ್ಟಾದ ಮೇಲೂ ಅಪ್ಪ ಥರ್ಮಾಕೋಲ್ ಮಾದರಿಯ ಮುಂದೆ ಕನ್ನಡಕ ಏರಿಸಿ ಬಗ್ಗುತ್ತಾರೆ.

‘ಎಲ್ಲಾ ಚೊಲೋ ಐತಿ. ಬಾವಿ ಎಲ್ಲೈತಿ?’

ಮಗ ಹಿಂದಿಯಲ್ಲಿ ಕೇಳುತ್ತಾನೆ. ಸೇಲ್ಸ್ ಹುಡುಗ ಒಂದು ಗಳಿಗೆ ಯೋಚಿಸಿ, ನೀಲಿ ಬಣ್ಣ ಬಳಿದ ಸ್ವಿಮ್ಮಿಂಗ್ ಪೂಲಿನ ಮೇಲೆ ಬೆರಳಿಡುತ್ತಾನೆ.