ಸತ್ಯಾಂಶ: ಕಡಿಮೆ ದರ ಹಾಕಿದರೆ ಟೆಂಡರ್ ನಿಮ್ಮದೇನಾ?

ಪುರಸಭೆಗೆ ಬಲ್ಬು, ಬ್ಲೀಚಿಂಗ್ ಪೌಡರ್ ಸಪ್ಲೈ ಮಾಡಲು ಎಲ್ಲರಿಗಿಂತ ಕಡಿಮೆ ದರ ಹಾಕಿದರೆ ಸಾಕು ಎನ್ನುವ ವಾಟ್ಸಾಪ್ ಸಂದೇಶ ಮತ್ತೆ ಓಡಾಡುತ್ತಿದೆ. ಅದು ಅರ್ಧ ಮಾತ್ರ ನಿಜ.

ಕರ್ನಾಟಕದಲ್ಲಿ ಸರ್ಕಾರಿ ಖರೀದಿಗೆ 1999ರ ಪಾರದರ್ಶಕತೆ ಕಾಯ್ದೆ ಇದೆ. ಅರ್ಹತೆಯ ದಾಖಲೆ ಒಂದರಲ್ಲಿ, ದರ ಇನ್ನೊಂದರಲ್ಲಿ ಕೊಡುವ ಎರಡು ಲಕೋಟೆ ಪದ್ಧತಿಯಲ್ಲಿ ಮೊದಲು ತೆರೆಯುವುದು ತಾಂತ್ರಿಕ ಲಕೋಟೆ, ಅಂದರೆ ಅರ್ಹತೆಯದ್ದು. ಜಿಎಸ್‌ಟಿ ನೋಂದಣಿ, ಹಿಂದೆ ಸರಬರಾಜು ಮಾಡಿದ ದಾಖಲೆ, ಇಎಂಡಿ (ಟೆಂಡರ್ ಜೊತೆ ಕಟ್ಟುವ ಠೇವಣಿ) ಹೀಗೆ ಕೇಳಿದ್ದು ಇಲ್ಲದಿದ್ದರೆ ನಿಮ್ಮ ದರದ ಲಕೋಟೆ ತೆರೆಯದೆಯೇ ಉಳಿಯಬಹುದು. ದರದ ಹೋಲಿಕೆ ಅರ್ಹರಾದವರ ನಡುವೆ ಮಾತ್ರ.

ಹಂಚಿದವರ ಉದ್ದೇಶ ಒಳ್ಳೆಯದೇ ಇರಬಹುದು. ಆದರೆ ನಷ್ಟದ ದರ ಬರೆದ ಸಣ್ಣ ಅಂಗಡಿಯವರು ಆಮೇಲೆ ಮಾಲು ಕೊಡಲಾಗದೆ ಠೇವಣಿಯನ್ನೇ ಕಳೆದುಕೊಂಡಾರು ಎಂಬುದು ನನ್ನ ಆತಂಕ.

ರಾಜ್ಯ ಸರ್ಕಾರದ ಖರೀದಿ ಜಾಲತಾಣವಾದ ಕೆಪಿಪಿಪಿ ಪೋರ್ಟಲ್‌ನಲ್ಲಿ ನಿಮ್ಮೂರಿನ ಟೆಂಡರ್ ಹುಡುಕಿ, ಅರ್ಹತೆಯ ಷರತ್ತುಗಳನ್ನು ಮೊದಲು ಓದಿ.