ಆಲೂಗಡ್ಡೆ ಚೀಲ ಹೊತ್ತು ಫ್ರಾನ್ಸಿಗೆ

ಜುಲೈ ಬಂತೆಂದರೆ ನೆದರ್ಲೆಂಡ್ಸಿನ ಆಮ್‌ಸ್ಟೆಲ್‌ವೀನ್‌ನ ನಮ್ಮ ಬೀದಿಯಲ್ಲಿ ಕ್ಯಾರವಾನ್‌ಗಳು ಬಂದು ನಿಲ್ಲುತ್ತವೆ. ಕಾರಿನ ಹಿಂದೆ ಕಟ್ಟಿಕೊಂಡು ಹೋಗುವ ಗಾಲಿಮನೆ. ಕಳೆದ ವರ್ಷ ಪಕ್ಕದ ಮನೆಯ ವಯಸ್ಸಾದ ದಂಪತಿ ಫ್ರಾನ್ಸಿನ ಆರ್ಡೆಶ್ ಕಡೆ ಹೊರಟಾಗ ಸಾಮಾನು ತುಂಬಲು ನಾನೂ ಹೋಗಿದ್ದೆ. ಒಂದು ಚೀಲ ಆಲೂಗಡ್ಡೆ, ಕಾಫಿಪುಡಿ, ಬ್ರೆಡ್ ಮೇಲೆ ಉದುರಿಸುವ ಚಾಕೊಲೇಟ್, ಎರಡು ಡಬ್ಬಿ ಪಿಂಡಕಾಸ್ ಅಂದರೆ ಪೀನಟ್ ಬಟರ್. ಟಾಯ್ಲೆಟ್ ಪೇಪರ್ ಕೂಡ ಇಲ್ಲಿಂದಲೇ.

ಹಳದಿ ನಂಬರ್ ಪ್ಲೇಟಿನ ಈ ಗಾಡಿಗಳನ್ನು ನೋಡಿ ಅಕ್ಕಪಕ್ಕದ ದೇಶದವರು ನಗುವುದು ಇದಕ್ಕೇ. ಬೆಲ್ಜಿಯಂನವರ ಹತ್ತಿರ ಡಚ್ಚರ ಜಿಪುಣತನದ ಜೋಕುಗಳಿಗೆ ಬರವೇ ಇಲ್ಲ. ತಾಮ್ರದ ತಂತಿ ಹುಟ್ಟಿದ್ದು ಹೇಗೆ? ಇಬ್ಬರು ಡಚ್ಚರು ಒಂದು ಸೆಂಟ್ ನಾಣ್ಯವನ್ನು ಆ ಕಡೆ ಈ ಕಡೆ ಎಳೆದಾಡಿದ್ದರಿಂದ! ಜೋಕೇನೋ ಚೆನ್ನಾಗಿದೆ. ಆದರೆ ಜಿಪುಣ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ.

ಜಿಪುಣ ಅಂದರೆ ಇದ್ದೂ ಉಣ್ಣದವನು, ಅಲ್ವಾ? ಇವರು ವರ್ಷ ವರ್ಷವೂ ಊರು ಸುತ್ತುವವರು. ಇಲ್ಲಿ ಕೆಲಸ ಮಾಡುವವರಿಗೆ ವರ್ಷದ ಸಂಬಳದ ಶೇ. 8ರಷ್ಟು ರಜೆಯ ಹಣ ಅಂತ ಬೇರೆಯಾಗಿ ಬರುತ್ತದೆ, ಸಾಮಾನ್ಯವಾಗಿ ಮೇ ತಿಂಗಳಲ್ಲಿ. ಹೋಟೆಲಿನಲ್ಲಿ ಒಂದು ವಾರಕ್ಕೆ ಮುಗಿಯುವ ದುಡ್ಡು ಕ್ಯಾರವಾನಿನಲ್ಲಿ ಮೂರು ವಾರ ಬಾಳುತ್ತದೆ.

ನಮ್ಮಜ್ಜಿ ಹುಬ್ಬಳ್ಳಿಯಿಂದ ಕಾಶಿಗೆ ಹೊರಟಾಗ ಕಟ್ಟಿದ ಬುತ್ತಿ ನನಗೆ ಇನ್ನೂ ಕಣ್ಣಲ್ಲಿದೆ. ಕಟಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಹಚ್ಚಿದ ಅವಲಕ್ಕಿ. ಅಜ್ಜಿಯನ್ನು ಯಾರೂ ಜಿಪುಣಿ ಅನ್ನಲಿಲ್ಲ. ಹೊರಗಿನ ಊಟ ಒಗ್ಗುವುದಿಲ್ಲ, ಸುಮ್ನೆ ದುಡ್ಡು ಯಾಕೆ ಹಾಳು ಅಂತಿದ್ದರು ಅಷ್ಟೇ. ಪಕ್ಕದ ಮನೆಯಾಕೆ ಹೇಳಿದ್ದೂ ಅದೇ ಮಾತು. ಅಲ್ಲೂ ಶೇಂಗಾ, ಇಲ್ಲೂ ಶೇಂಗಾ.

ಪಕ್ಕದ ಮನೆಯಾಕೆಯ ಅಮ್ಮ 1944–45ರ ಚಳಿಗಾಲವನ್ನು ಆಮ್‌ಸ್ಟರ್‌ಡ್ಯಾಮಿನಲ್ಲಿ ಕಳೆದವರಂತೆ. ಜರ್ಮನ್ನರ ಹಿಡಿತದಲ್ಲಿದ್ದ ಪಶ್ಚಿಮದ ಊರುಗಳಿಗೆ ಆಗ ಆಹಾರ ಬರುವುದೇ ನಿಂತಿತ್ತು. ಜನ ಟ್ಯುಲಿಪ್ ಗಡ್ಡೆ, ಸಕ್ಕರೆ ಬೀಟ್ ಬೇಯಿಸಿ ತಿಂದರು. ಸುಮಾರು 20,000 ಜನ ಸತ್ತರು. ಅಂಥ ತಾಯಿಯ ಕೈಯಲ್ಲಿ ಬೆಳೆದವರು ಮೊಸರಿನ ಬಾಟಲಿಯನ್ನು ತಳದವರೆಗೂ ಕೆರೆದು ತಿಂದರೆ ನನಗೆ ನಗು ಬರುವುದಿಲ್ಲ. ಹಾಗೆ ಕೆರೆಯಲು ಇಲ್ಲಿ ಉದ್ದ ಹಿಡಿಯ ಒಂದು ಸೌಟೇ ಇದೆ!

ಒಂದು ವಿಷಯ ಮಾತ್ರ ಇವತ್ತಿಗೂ ನನಗೆ ಒಗ್ಗಿಲ್ಲ. ಕಾಫಿಗೆ ಕರೆದರೆ ಒಂದು ಬಿಸ್ಕತ್ತು ಕೊಟ್ಟು ಡಬ್ಬಿ ಮುಚ್ಚಿಡುತ್ತಾರೆ. ಊಟದ ಹೊತ್ತಾದರೆ ನೀವು ಎದ್ದು ಹೊರಡಬೇಕು. ‘ಊಟ ಮಾಡ್ಕೊಂಡೇ ಹೋಗ್ರಿ’ ಅನ್ನುವ ನಮ್ಮ ರೀತಿಯೇ ನನಗೆ ಹೆಚ್ಚು. ಲೆಕ್ಕವೂ ಹಾಗೇ. 2016ರಲ್ಲಿ ಬಂದ ಟಿಕ್ಕಿ ಅನ್ನುವ ಆ್ಯಪ್‌ನಲ್ಲಿ ಗೆಳೆಯರೇ ನಮ್ಮ ಪಾಲಿನ ಎರಡು ಯೂರೋ ಕೇಳಿ ಕಳಿಸುತ್ತಾರೆ. ಮೊದಮೊದಲು ಮನಸ್ಸಿಗೆ ಚುಚ್ಚುತ್ತಿತ್ತು. ಈಗ ಅದರ ಒಳ್ಳೆಯದೂ ಕಾಣುತ್ತದೆ. ಯಾರಿಗೂ ಯಾರ ಹಂಗೂ ಇಲ್ಲ, ಒಳಗೊಳಗೇ ಕೊರಗುವುದೂ ಇಲ್ಲ.

ಈ ಜುಲೈಗೆ ನಾವೂ ಆರ್ಡೆಶ್‌ಗೆ ಹೊರಟಿದ್ದೇವೆ. ಟೆಂಟು, ಗ್ಯಾಸ್ ಒಲೆ ಎರಡೂ ಪಕ್ಕದ ಮನೆಯವರದು. ಬಾಡಿಗೆ ಎಷ್ಟು ಅಂತ ಕೇಳಿದೆ. ಆಕೆ ಬೇಜಾರು ಮಾಡಿಕೊಂಡರು.